ಪ್ಯಾಂಟಿನ ಅಳತೆ ಏರಿತು, ಷರ್ಟಿನ ಅಳತೆ ಇಳಿಯಿತು!

ಮಂಡ್ಯ: ನಮ್ಮ ಜಿಲ್ಲೆಯಲ್ಲಿ ಗಂಡಸಿಗೆ ಹೊಟ್ಟೆ ಬಂದರೆ ಎರಡೇ ಅರ್ಥ. ಒಂದು, ಮನುಷ್ಯ ಚೆನ್ನಾಗಿದ್ದಾನೆ, ನಾಲ್ಕು ಕಾಸು ಮಾಡಿಕೊಂಡಿದ್ದಾನೆ. ಎರಡು, ಗ್ಯಾಸು. ಮೂರನೆಯ ಅರ್ಥವೂ ಒಂದಿದೆ. ಅದು ಗೊತ್ತಾಗುವ ಹೊತ್ತಿಗೆ ಮನೆಯವರು ಆಸ್ಪತ್ರೆಯ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಕೂತಿರುತ್ತಾರೆ.

ಪೇಟೆ ಬೀದಿಯ ದರ್ಜಿಯೊಬ್ಬರು ಮೊನ್ನೆ ಒಂದು ಮಾತು ಹೇಳಿದರು. ಅವರ ಹತ್ತಿರ ಹದಿನೈದು ವರ್ಷದಿಂದ ಬಟ್ಟೆ ಹೊಲಿಸುವ ಗಿರಾಕಿ. ಅಳತೆ ಪುಸ್ತಕದಲ್ಲಿ ಹಳೇ ಲೆಕ್ಕವೆಲ್ಲ ಇದೆ. ಸೊಂಟ 34 ಇದ್ದದ್ದು ಈ ಸಲ 39. ಸರಿ, ವಯಸ್ಸಾಯಿತು, ಹೊಟ್ಟೆ ಬಂತು. ಆದರೆ ಭುಜ ಅರ್ಧ ಇಂಚು ಇಳಿದಿದೆ, ತೋಳು ಒಂದೂವರೆ ಇಂಚು ಇಳಿದಿದೆ. "ದಪ್ಪ ಆದೋರಿಗೆ ಎಲ್ಲಾ ಕಡೆ ಬಟ್ಟೆ ಬಿಡ್ಬೇಕು ಸಾರ್. ಇವ್ರಿಗೆ ಹೊಟ್ಟೇಲಿ ಬಿಟ್ಟು ತೋಳಲ್ಲಿ ಹಿಡೀಬೇಕಾಯ್ತು. ಎಲ್ಲೋ ಎಡವಟ್ಟಾಗಿದೆ ಅಂತ ನಂಗೇ ಅನ್ನಿಸ್ತು. ಆದ್ರೆ ಗಿರಾಕಿ ಹತ್ರ ಹೆಂಗ್ ಹೇಳೋದು?"

ಹೇಳಲಿಲ್ಲ. ಹೊಲಿದ ಪ್ಯಾಂಟು ತಗೊಂಡು ಹೋಗಲು ಬಂದದ್ದು ಗಿರಾಕಿಯ ತಮ್ಮ. ಅಣ್ಣನನ್ನು ಮೈಸೂರಿನಲ್ಲಿ ಸೇರಿಸಿದ್ದರು. ಲಿವರ್ ಹೋಗಿದೆ ಅಂದಿದ್ದರಂತೆ.

ಡಾಕ್ಟರ ಕಣ್ಣಿಗೆ ಬೀಳುವ ಮೊದಲೇ ಟೇಪು ಕಾಯಿಲೆಯನ್ನು ಹಿಡಿದಿತ್ತು. ದರ್ಜಿಗೆ ಅದರ ಹೆಸರು ಗೊತ್ತಿರಲಿಲ್ಲ, ಅಷ್ಟೇ. ಲಿವರ್ ಕೆಟ್ಟು ಕೊನೆ ಹಂತಕ್ಕೆ ಬಂದಾಗ ಕಾಣುವ ಗುರುತುಗಳು ಹೆಚ್ಚಿನವು ಹೀಗೇ. ಸ್ಕ್ಯಾನಿಂಗ್ ಯಂತ್ರಕ್ಕಿಂತ ಮುಂಚೆ ಹೆಂಡತಿಗೆ, ಕ್ಷೌರಿಕನಿಗೆ, ಟೀ ಅಂಗಡಿಯವನಿಗೆ ಕಾಣುತ್ತವೆ. ಕಂಡೂ ಎಲ್ಲರೂ ಅದಕ್ಕೆ ಬೇರೆ ಬೇರೆ ಹೆಸರು ಇಡುತ್ತಾರೆ. ಗ್ಯಾಸು, ನಿಶ್ಶಕ್ತಿ, ಮೂಲವ್ಯಾಧಿ, ಕುಡಿದ ಅಮಲು, ಗಾಳಿ ಸೋಕಿದ್ದು...

ತೂಬಿಗೆ ಹೂಳು

ಲಿವರ್ ಅಂದರೆ ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಕೂತಿರುವ, ಸುಮಾರು ಒಂದೂವರೆ ಕೆ.ಜಿ. ತೂಗುವ ಅಂಗ. ಶಾಲೆ ಪುಸ್ತಕದಲ್ಲಿ ಪಿತ್ತಜನಕಾಂಗ, ಪಂಡಿತರ ಬಾಯಲ್ಲಿ ಯಕೃತ್ತು, ಮಟನ್ ಅಂಗಡಿಯಲ್ಲಿ ಲಿವರ್ರು. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು ಬಂದ ನನ್ನಂಥವನಿಗೆ ಡಾಕ್ಟರೊಬ್ಬರು ಅದರ ಕೆಲಸವನ್ನು ನಮ್ಮ ವಿ.ಸಿ. ನಾಲೆಯ ಲೆಕ್ಕದಲ್ಲಿ ಹೇಳಿಕೊಟ್ಟರು.

ಕರುಳಿನ ಕಡೆಯಿಂದ ಬರುವ ರಕ್ತವೆಲ್ಲ ಒಂದು ದೊಡ್ಡ ನಾಳದಲ್ಲಿ ಸೇರಿ ಲಿವರ್ ಒಳಗೆ ಹೊಕ್ಕು, ಸೋಸಿಕೊಂಡು, ಆಮೇಲೆ ಹೃದಯಕ್ಕೆ ಹೋಗಬೇಕು. ಕುಡಿತವೋ, ವೈರಸ್ಸೋ, ಕೊಬ್ಬೋ, ಯಾವುದೋ ಒಂದು ವರ್ಷಗಟ್ಟಲೆ ಲಿವರನ್ನು ಕೆದಕುತ್ತಲೇ ಇದ್ದರೆ ಗಾಯ ಆಗುತ್ತೆ, ಮಾಯುತ್ತೆ, ಮತ್ತೆ ಗಾಯ. ಮಾಯ್ದ ಕಡೆಯೆಲ್ಲ ಗಟ್ಟಿ ಕಲೆ. ಮೆತ್ತಗಿದ್ದದ್ದು ಕೊನೆಗೆ ಗಂಟುಗಂಟಾಗಿ ಕಲ್ಲಿನ ಹಾಗಾಗುತ್ತದೆ. ಇದಕ್ಕೇ ಸಿರೋಸಿಸ್ ಅನ್ನುವುದು. ಹೆಸರಿಟ್ಟವನು ಫ್ರಾನ್ಸಿನ ಲೆನೆಕ್, 1819ರಲ್ಲಿ. ಡಾಕ್ಟರ ಕತ್ತಿನಲ್ಲಿ ನೇತಾಡುವ ಸ್ಟೆತಾಸ್ಕೋಪು ಕಂಡುಹಿಡಿದವನೂ ಅವನೇ.

ಈಗ ತೂಬಿಗೆ ಹೂಳು ತುಂಬಿದೆ ಅಂತ ಇಟ್ಟುಕೊಳ್ಳಿ. ನಾಲೆ ನೀರು ಏನು ಮಾಡುತ್ತೆ? ಹಿಂದಕ್ಕೆ ಒತ್ತುತ್ತೆ. ಏರಿಯಲ್ಲಿ ಜಿನುಗಿ ಪಕ್ಕದ ಗದ್ದೆ ಜೌಗಾಗುತ್ತೆ. ಅದೇ ಹೊಟ್ಟೆಯಲ್ಲಿ ತುಂಬುವ ನೀರು. ಒತ್ತಡ ತಾಳದೆ ಸಣ್ಣ ಕಾಲುವೆಗಳು ಉಬ್ಬಿ ಒಂದು ದಿನ ಒಡೆಯುತ್ತವೆ. ಅದೇ ರಕ್ತವಾಂತಿ. ಇನ್ನಷ್ಟು ನೀರು ತೂಬನ್ನೇ ಹಾಯದೆ ಅಡ್ಡದಾರಿ ಹಿಡಿದು, ಸೋಸದ ಕಸವನ್ನು ಹಾಗೇ ಮುಂದಕ್ಕೆ ಒಯ್ಯುತ್ತೆ. ಅದು ಮಿದುಳಿಗೆ ಹೋದರೆ ಮಂಕು. ಮೂರು ಬೇರೆ ಬೇರೆ ಕಾಯಿಲೆ ಅಲ್ಲ ಸ್ವಾಮಿ, ಒಂದೇ ತೂಬಿನ ಕಥೆ.

ಲಿವರ್ ಬಾಯಿಬಡುಕ ಅಲ್ಲ. ಕಿಡ್ನಿ ಕಲ್ಲಿನ ಹಾಗೆ ಅರ್ಧ ರಾತ್ರಿಯಲ್ಲಿ ಕೂಗಿಸುವುದಿಲ್ಲ. ಬಹುಪಾಲು ಕೆಟ್ಟ ಮೇಲೂ ಉಳಿದ ಭಾಗ ಎತ್ತಿನ ಹಾಗೆ ಗೇಯುತ್ತಲೇ ಇರುತ್ತೆ. ಗೇಯಲಾರದೆ ಕುಸಿದಾಗ ಮಾತ್ರ ಈ ಗುರುತುಗಳು ಹೊರಗೆ ಬರುತ್ತವೆ.

ಹೊಟ್ಟೆಯ ನೀರನ್ನೇ ಮೊದಲು ನೋಡೋಣ. ಹಳಬರು ಜಲೋದರ ಅನ್ನುತ್ತಿದ್ದರು. ಪಂಚೆಯ ಗಂಟು ದಿನಾ ಸ್ವಲ್ಪ ಸ್ವಲ್ಪ ಸಡಿಲಿಸಬೇಕಾಗುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಾರೆ. ಒಳಗಿದ್ದ ಹೊಕ್ಕುಳು ಹೊರಕ್ಕೆ ಚಾಚುತ್ತದೆ. ಮಲಗಿದಾಗ ಹೊಟ್ಟೆ ಎರಡು ಪಕ್ಕಕ್ಕೂ ಹರಡಿಕೊಳ್ಳುತ್ತದೆ, ಚರ್ಮ ಹೊಳೆಯುತ್ತದೆ, ಕೆಲವರಿಗೆ ಹೊಕ್ಕುಳಿನ ಸುತ್ತ ನೀಲಿ ನರಗಳು ಎದ್ದು ಕಾಣುತ್ತವೆ. ಪಾದ ಬಾತಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ಹತ್ತು ಎಣಿಸಿ ತೆಗೆದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ.

ತೂಕದ ಮೆಷಿನ್ನನ್ನು ಇಲ್ಲಿ ನಂಬಬೇಡಿ. ಕೈಕಾಲಿನ ಮಾಂಸ ಐದು ಕೆ.ಜಿ. ಕರಗಿ, ಹೊಟ್ಟೆಯಲ್ಲಿ ಐದು ಲೀಟರ್ ನೀರು ಸೇರಿದರೆ ಮುಳ್ಳು ಇದ್ದಲ್ಲೇ ಇರುತ್ತೆ. "ತೂಕ ಕಮ್ಮಿ ಆಗಿಲ್ವಲ್ಲ, ಚೆನ್ನಾಗೇ ಇದಾರೆ" ಅಂತ ಮನೆಯವರು ಸಮಾಧಾನ ಪಡುತ್ತಾರೆ. ನೋಡಬೇಕಾದದ್ದು ಹೊಟ್ಟೆಯನ್ನಲ್ಲ, ಉಳಿದದ್ದನ್ನು. ಕಣತಲೆ ಗುಳಿ ಬಿದ್ದಿದೆಯಾ? ಕುತ್ತಿಗೆಯ ಕೆಳಗಿನ ಮೂಳೆ ಎದ್ದಿದೆಯಾ? ತೋಳು, ತೊಡೆ ಕಡ್ಡಿಯಾಗಿದೆಯಾ? ಬೊಜ್ಜಿನವರಿಗೆ ಹಾಗಾಗುವುದಿಲ್ಲ.

ಹೊಟ್ಟೆಯ ನೀರೆಲ್ಲ ಲಿವರಿನದೇ ಅಂತಲೂ ಅಲ್ಲ. ಹೃದಯ, ಕಿಡ್ನಿ, ಕ್ಷಯ, ಕ್ಯಾನ್ಸರ್, ಯಾವುದರಿಂದಲೂ ಬರಬಹುದು. ಅದಕ್ಕೇ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. "ನೀರು ತೆಗೆದ್ರೆ ಮನುಷ್ಯ ಉಳಿಯಲ್ಲ" ಅನ್ನುವ ಮಾತು ಹಳ್ಳಿಗಳಲ್ಲಿ ಈಗಲೂ ಇದೆ. ಶುದ್ಧ ಸುಳ್ಳು. ಉಳಿಯದೇ ಹೋದವರು ನೀರು ತೆಗೆಸಿದ್ದಕ್ಕೆ ಹೋದವರಲ್ಲ, ತೆಗೆಸಲು ತಡವಾಗಿ ಬಂದವರು. ಐದು ಲೀಟರಿಗಿಂತ ಹೆಚ್ಚು ತೆಗೆದಾಗ ಆಲ್ಬುಮಿನ್ ಅನ್ನುವ ಬಾಟಲಿಯನ್ನು ನರಕ್ಕೆ ಏರಿಸುತ್ತಾರೆ, ಬಿ.ಪಿ. ಕುಸಿಯದಿರಲಿ, ಕಿಡ್ನಿಗೆ ಪೆಟ್ಟು ಬೀಳದಿರಲಿ ಅಂತ. ಇನ್ನೊಂದು, ನೀರು ತುಂಬಿದ ಹೊಟ್ಟೆಯವರಿಗೆ ಜ್ವರ ಬಂದರೆ, ಹೊಟ್ಟೆ ನೋವು ಶುರುವಾದರೆ, ಮೂತ್ರ ಇಳಿಮುಖವಾದರೆ ಆ ದಿನವೇ ಆಸ್ಪತ್ರೆ. ನಿಂತ ನೀರಿಗೆ ಸೋಂಕು ತಗಲಿರಬಹುದು. ಒಂದೆರಡು ದಿನ ನೋಡೋಣ ಅಂದರೆ ಕೈಮೀರುತ್ತೆ.

ಕಬ್ಬಿನ ಹಾಲು, ಬರೆ, ಬಳ್ಳಿ

ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತ ಗಾದೆ ಇದೆ. ಗಾದೆ ಮಾಡಿದವರು ಯಾರೋ, ಕಾಮಾಲೆ ಆದವನನ್ನು ಕೇಳಿಲ್ಲ. ಅವನಿಗೆ ಎಲ್ಲ ಬಣ್ಣವೂ ಸರಿಯಾಗೇ ಕಾಣುತ್ತೆ. ಹಳದಿ ಕಾಣುವುದು ಎದುರಿಗಿದ್ದವರಿಗೆ. ಅದೂ ಟ್ಯೂಬ್‌ಲೈಟಿನ ಬೆಳಕಿನಲ್ಲಿ ತಪ್ಪಿಹೋಗುತ್ತೆ. ಹಗಲು ಬೆಳಕಿನಲ್ಲಿ ರೆಪ್ಪೆ ಎತ್ತಿ ಕಣ್ಣಿನ ಬಿಳಿ ಭಾಗ ನೋಡಬೇಕು. ಜೊತೆಗೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಕೆಲವರಿಗೆ ಮೈಯೆಲ್ಲ ತುರಿಕೆ. ಆದರೆ ಕಣ್ಣು ಹಳದಿಯಾಗದೆಯೂ ಲಿವರ್ ಕೊನೆ ಹಂತಕ್ಕೆ ಬಂದಿರಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಹಳದಿ ಕಂಡ ತಕ್ಷಣ ನಮ್ಮ ಜನ ಮೊದಲು ಹೋಗುವುದು ನಾಟಿ ಔಷಧಿಗೆ. ನೆಲನೆಲ್ಲಿ ಅರೆದು ಕುಡಿಸುವವರು, ಮೂಗಿಗೆ ರಸ ಬಿಡುವವರು, ತೋಳಿಗೆ ಬರೆ ಹಾಕುವವರು. "ಅವ್ರ ಕೈಗುಣ ದೊಡ್ಡದು, ಮೂರೇ ದಿನ" ಅನ್ನುತ್ತಾರೆ. ಕೈಗುಣದ ಗುಟ್ಟು ಇಷ್ಟೇ: ಕೊಳಕು ನೀರಿನಿಂದ ಬರುವ ಎ ಮತ್ತು ಇ ವೈರಸ್ಸಿನ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗೇ ವಾಸಿಯಾಗುತ್ತದೆ. ಔಷಧಿ ಕೊಟ್ಟರೂ ಆಗುತ್ತದೆ, ಕೊಡದಿದ್ದರೂ ಆಗುತ್ತದೆ. ಹೆಸರು ಬರುವುದು ಸೊಪ್ಪಿಗೆ. (ಬಸುರಿಯರ ಮಾತು ಬೇರೆ, ಇ ವೈರಸ್ಸು ಅವರ ಪ್ರಾಣಕ್ಕೇ ಬರಬಹುದು.) ಆ ನಂಬಿಕೆಯ ಮೇಲೆ ಸಿರೋಸಿಸ್ಸಿನವನೂ ಅದೇ ಬಾಗಿಲಲ್ಲಿ ಸಾಲು ನಿಲ್ಲುತ್ತಾನೆ. ಅವನ ಹಳದಿ ತಾನಾಗಿ ಹೋಗುವುದಲ್ಲ. ತಿಂಗಳು ಕಳೆಯುತ್ತೆ, ಬರೆಯ ಗಾಯ ಕೀವಾಗುತ್ತೆ.

ಹಸಿರು ಬಣ್ಣದ್ದೆಲ್ಲ ಲಿವರಿಗೆ ಒಳ್ಳೇದು ಅನ್ನುವುದೂ ನಿಜವಲ್ಲ. ಕೊರೋನಾ ಕಾಲದಲ್ಲಿ ಶಕ್ತಿ ಬರುತ್ತೆ ಅಂತ ಊರೆಲ್ಲ ಅಮೃತಬಳ್ಳಿ ಕಷಾಯ ಕುಡಿದದ್ದು ನೆನಪಿದೆಯಲ್ಲ? ಅದನ್ನು ಕುಡಿದ ಆರು ಮಂದಿಗೆ ಲಿವರ್ ಕೆಟ್ಟದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದರು. ಆಯುಷ್ ಇಲಾಖೆಯವರು ಒಪ್ಪಲಿಲ್ಲ, ದೊಡ್ಡ ಜಗಳವೇ ಆಯಿತು. ಜಗಳ ಏನೇ ಇರಲಿ, ಮೊದಲೇ ಕೆಟ್ಟ ಲಿವರಿನ ಮೇಲೆ ಹೆಸರಿಲ್ಲದ ಕಷಾಯದ ಪ್ರಯೋಗ ಬೇಡ.

ಇನ್ನು ನಮ್ಮ ಜಿಲ್ಲೆಯ ಸ್ವಂತ ಔಷಧಿ, ಕಬ್ಬಿನ ಹಾಲು. ಆಲೆಮನೆ ಇರುವ ಊರಿನಲ್ಲಿ ಕಾಮಾಲೆ ಆದವನಿಗೆ ಚೊಂಬು ಚೊಂಬು ಕುಡಿಸುವುದು ಉಪಚಾರ. ಬಾಯಿ ಕೆಟ್ಟವನಿಗೆ ಒಂದಿಷ್ಟು ಶಕ್ತಿ ಸಿಗುತ್ತೆ, ಬೇಡ ಅನ್ನಲ್ಲ. ಆದರೆ ಅದು ಲಿವರ್ ರಿಪೇರಿ ಮಾಡುವುದಿಲ್ಲ. ರಸ್ತೆ ಬದಿಯ ಐಸು ಯಾವ ನೀರಿನದೋ, ಅದರಿಂದಲೇ ಕಾಮಾಲೆ ಬಂದೀತು. ಶುಗರ್ ಇರುವವನಿಗಂತೂ ವಿಷವೇ.

ಹಗಲು ನಿದ್ದೆ, ರಾತ್ರಿ ಜಾಗರಣೆ

ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಓದಲ್ಪಡುವ ಗುರುತು ಇದು. ಇದನ್ನು ಮೊದಲು ನೋಡುವವಳು ಹೆಂಡತಿ.

ಮಳವಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಹೇಳಿದ್ದು ಹೀಗೆ: "ಹಗಲೆಲ್ಲ ಹಟ್ಟೀಲಿ ಬಿದ್ಕಂಡು ನಿದ್ದೆ ಮಾಡೋರು ಕಣಣ್ಣ. ರಾತ್ರಿ ಎದ್ದು ಕೂತ್ಕಳೋರು. ದನಕ್ಕೆ ಹುಲ್ಲು ಹಾಕಿದ್ಯಾ ಅಂತ ನಾಕ್ ಸಲ ಕೇಳೋರು. ಮೂರು ತಿಂಗಳಿಂದ ಒಂದು ತೊಟ್ಟು ಮುಟ್ಟಿರ್ನಿಲ್ಲ, ಆದ್ರೂ ಎಲ್ರೂವೆ ಕುಡ್ದವ್ನೆ ಕುಡ್ದವ್ನೆ ಅನ್ನೋರು. ನಮ್ಮತ್ತೆ ಗಾಳಿ ಸೋಕದೆ ಅಂತ ತಾಯ್ತ ಕಟ್ಟುಸುದ್ರು."

ಗಾಳಿಯೂ ಅಲ್ಲ, ಅಮಲೂ ಅಲ್ಲ. ಕರುಳಿನಲ್ಲಿ ಹುಟ್ಟುವ ಅಮೋನಿಯಾ ಮುಂತಾದ ಕಸವನ್ನು ಸೋಸಬೇಕಾದ ಲಿವರ್ ಸೋಸುತ್ತಿಲ್ಲ. ಅದು ಮಿದುಳಿಗೆ ಹೋಗಿದೆ. ಮೊದಲು ನಿದ್ದೆ ತಿರುಗುಮುರುಗು. ಆಮೇಲೆ ಸಣ್ಣದಕ್ಕೆಲ್ಲ ಸಿಟ್ಟು, ಮರೆವು, ಲೆಕ್ಕ ತಪ್ಪುವುದು. ಚಿಲ್ಲರೆ ಅಂಗಡಿಯವನು ಚಿಲ್ಲರೆ ಎಣಿಸಲು ತಡವರಿಸುತ್ತಾನೆ. ಬ್ಯಾಂಕಿನಲ್ಲಿ ಸಹಿ ಸೊಟ್ಟಗಾಗಿ ಚೆಕ್ಕು ವಾಪಸು ಬರುತ್ತೆ. ಅಂಗಿಯ ಗುಂಡಿ ಹಾಕಲು ಕೈ ಬಗ್ಗದು. ಎರಡೂ ಕೈ ಮುಂದೆ ಚಾಚಿ, ಬೆರಳು ಬಿಡಿಸಿ, ಅಂಗೈಯನ್ನು ಬಸ್ಸು ನಿಲ್ಲಿಸುವವರ ಹಾಗೆ ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ. ಹಕ್ಕಿ ರೆಕ್ಕೆ ಬಡಿದ ಹಾಗೆ ಮಣಿಕಟ್ಟು ಕುಸಿದು ಕುಸಿದು ಏಳುತ್ತಿದ್ದರೆ ತಡ ಮಾಡಬೇಡಿ. ಈ ಪರೀಕ್ಷೆ 1949ರಿಂದಲೂ ಡಾಕ್ಟರ ಪುಸ್ತಕದಲ್ಲಿದೆ. ಇದಕ್ಕೆ ಯಂತ್ರ ಬೇಡ, ಕಾಸು ಬೇಡ. ಒಂದರಿಂದ ಇಪ್ಪತ್ತೈದರವರೆಗೆ ಅಂಕಿಗಳನ್ನು ಚೆಲ್ಲಾಪಿಲ್ಲಿ ಬರೆದು ಕ್ರಮವಾಗಿ ಗೆರೆ ಎಳೆದು ಸೇರಿಸಲು ಹೇಳುವ ಇನ್ನೊಂದು ಪರೀಕ್ಷೆಯೂ ಇದೆ. ಉಸಿರಿನಲ್ಲಿ ಒಂಥರಾ ಸಿಹಿಯಾದ, ಹಳಸಿದ ವಾಸನೆ ಬರುವುದೂ ಉಂಟು. ಅದನ್ನೂ ಜನ ಬ್ರಾಂದಿ ವಾಸನೆ ಅಂದುಬಿಡುತ್ತಾರೆ.

ಹೀಗೆ ಮಂಕು ಕವಿಯಲು ಇರುವ ಕಾರಣಗಳಲ್ಲಿ ಒಂದನ್ನು ಕೇಳಿದರೆ ನಗು ಬರಬಹುದು: ಮಲಬದ್ಧತೆ. ಹೊರಗೆ ಹೋಗದಿದ್ದರೆ ಕಸ ರಕ್ತಕ್ಕೆ ಸೇರುತ್ತೆ. ಅದಕ್ಕೇ ಲ್ಯಾಕ್ಟುಲೋಸ್ ಅನ್ನುವ ಸಿಹಿ ಸಿರಪ್ಪು ಬರೆದುಕೊಡುತ್ತಾರೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಕ್ಕೆ ಹೋಗಬೇಕು, ಅದೇ ಲೆಕ್ಕ. ಮನೆಯವರು ಮಾಡುವುದೇನು? "ಈ ಔಷಧಿಯಿಂದ ಭೇದಿ ಆಗ್ತಿದೆ" ಅಂತ ಬಾಟಲಿಯನ್ನು ಅಟ್ಟದ ಮೇಲಿಡುತ್ತಾರೆ. ಎರಡು ದಿನ ಬಿಟ್ಟು ಮನುಷ್ಯ ಎಚ್ಚರ ತಪ್ಪುತ್ತಾನೆ. ಭೇದಿ ಅಡ್ಡ ಪರಿಣಾಮ ಅಲ್ಲ, ಔಷಧಿಯ ಕೆಲಸವೇ ಅದು. ವಿಪರೀತವಾಗಿ ನೀರು ನೀರಾಗಿ ಹೋದರೆ ಮಾತ್ರ ಡಾಕ್ಟರನ್ನು ಕೇಳಿ ಅಳತೆ ಇಳಿಸಬೇಕು.

ರಾತ್ರಿ ನಿದ್ದೆ ಇಲ್ಲ ಅಂತ ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ನುಂಗಿಸುವವರೂ ಇದ್ದಾರೆ. ಮಂಕು ಕವಿದವನಿಗೆ ನಿದ್ದೆ ಮಾತ್ರೆ ಕೊಡುವುದು ಬಾವಿ ಕಟ್ಟೆಯಲ್ಲಿ ನಿಂತವನ ಬೆನ್ನಿಗೆ ಕೈ ಹಾಕಿದ ಹಾಗೆ.

ಡಾಂಬರಿನ ಬಣ್ಣ

ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಅದು ರಕ್ತ. ಅನ್ನನಾಳದಲ್ಲಿ ಉಬ್ಬಿದ ನರ ಒಡೆದು ಇಳಿದ ರಕ್ತ ಜೀರ್ಣವಾಗಿ ಕಪ್ಪಾಗಿರುತ್ತದೆ. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತೆ, ಆದರೆ ಆ ಅಂಟು, ಆ ನಾತ ಇರುವುದಿಲ್ಲ. ನಮ್ಮಲ್ಲಿ ಇದನ್ನು ಮೂಲವ್ಯಾಧಿ ಅಂತ ಮುಚ್ಚಿಟ್ಟುಕೊಳ್ಳುತ್ತಾರೆ. ಹೆಂಗಸರಂತೂ ಬಾಯಿ ಬಿಡುವುದೇ ಇಲ್ಲ.

ವಾಂತಿಯಲ್ಲಿ ಕೆಂಪು ಕಂಡರೆ, ಕಾಫಿ ಚರಟದ ಹಾಗೆ ಕಂಡರೆ, ಬೆಳಗಾಗಲಿ ಅಂತ ಕಾಯುವ ಮಾತೇ ಇಲ್ಲ. 108ಕ್ಕೆ ಫೋನು. ಪಕ್ಕಕ್ಕೆ ಮಗ್ಗುಲಾಗಿಸಿ ಮಲಗಿಸಿ, ಬಾಯಿಗೆ ನೀರು, ಮಜ್ಜಿಗೆ, ಸೋಡಾ ಏನೂ ಬೇಡ. ಆಸ್ಪತ್ರೆಯಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪಿ ಕೊಳವೆ ಇಳಿಸಿ ಉಬ್ಬಿದ ನರಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ಸಿರೋಸಿಸ್ ಇದೆ ಅಂತ ಮೊದಲೇ ಗೊತ್ತಿದ್ದರೆ ಒಡೆಯುವ ಮುನ್ನವೇ ನೋಡಿ ಬಿಗಿಯಬಹುದು, ಒತ್ತಡ ಇಳಿಸುವ ಮಾತ್ರೆಯೂ ಇದೆ.

ಇನ್ನು ಮೈಮೇಲಿನ ಸಣ್ಣಪುಟ್ಟ ಗುರುತುಗಳು. ಎದೆ, ಭುಜ, ಕತ್ತಿನ ಮೇಲೆ ಜೇಡದ ಆಕಾರದ ಕೆಂಪು ಚುಕ್ಕೆ, ಬೆರಳಿನಿಂದ ಒತ್ತಿದರೆ ಮಾಯ, ಬಿಟ್ಟರೆ ನಡುವಿನಿಂದ ಮತ್ತೆ ಹರಡುತ್ತೆ. ಅಂಗೈಯ ಅಂಚು ಕೆಂಪು. ಉಗುರು ಬೆಳ್ಳಗೆ. ಗಂಡಸಿಗೆ ಎದೆ ಬೆಳೆಯುವುದು. ಎಲ್ಲೂ ಬೀಳದೆ ಮೈಮೇಲೆ ನೀಲಿ ಕಲೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಇವು ಒಂಟಿಯಾಗಿದ್ದರೆ ಹೆದರಬೇಕಿಲ್ಲ, ಬಸುರಿಯರಿಗೆ ಅಂಗೈ ಕೆಂಪಾಗುವುದು ಸಹಜ. ಮೂರು ನಾಲ್ಕು ಒಟ್ಟಿಗೆ ಕಂಡರೆ ಯೋಚಿಸಬೇಕು.

ತೊಟ್ಟು ಮುಟ್ಟದವರಿಗೂ

ಲಿವರ್ ಅಂದ ಕೂಡಲೆ ಊರು ಕೇಳುವ ಮೊದಲ ಪ್ರಶ್ನೆ, "ಎಷ್ಟು ವರ್ಷದಿಂದ ಕುಡೀತಿದ್ದ?" ಈ ಒಂದು ಪ್ರಶ್ನೆಗೆ ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. ನಾಗಮಂಗಲ ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ. ಹದಿನಾರು ವರ್ಷದಿಂದ ಶುಗರ್. ಹೊಟ್ಟೆಯಲ್ಲಿ ನೀರು ಬಂದಾಗ ಸೀರೆ ಸೆರಗಿನಲ್ಲಿ ಮುಚ್ಚಿಕೊಂಡು ನಾಲ್ಕು ತಿಂಗಳು ಕೆಲಸ ಮಾಡಿದರಂತೆ. "ಲಿವರ್ ಅಂದ್ರೆ ಜನ ಏನಂದ್ಕೋತಾರೆ ಹೇಳಿ? ಹೆಣ್ಮಕ್ಳಿಗೆ ಆ ಮಾತು ಬರಬಾರ್ದು" ಅಂದರು. ಆಕೆಯ ಮನೆಯಲ್ಲಿ ಯಾರೂ ಕುಡಿಯುವವರಿಲ್ಲ.

ಶುಗರ್, ಸೊಂಟದ ಬೊಜ್ಜು, ರಕ್ತದ ಕೊಬ್ಬು ಸೇರಿ ಲಿವರಿನಲ್ಲಿ ಕೊಬ್ಬು ತುಂಬುವುದು ಈಗ ಮನೆಮನೆಯ ಮಾತು. ಸ್ಕ್ಯಾನಿಂಗ್ ಕಾಗದದಲ್ಲಿ ಫ್ಯಾಟಿ ಲಿವರ್ ಅಂತ ಬರೆದಿದ್ದರೆ "ಅದು ಎಲ್ಲರಿಗೂ ಇರುತ್ತೆ ಬಿಡಿ" ಅನ್ನುತ್ತೇವೆ. ಹೆಚ್ಚಿನವರಿಗೆ ಅಲ್ಲೇ ನಿಲ್ಲುತ್ತೆ, ಕೆಲವರಿಗೆ ಸಿರೋಸಿಸ್ಸಿಗೆ ಏರುತ್ತೆ. ಕೇಂದ್ರ ಸರ್ಕಾರ ಇದನ್ನು ಸಕ್ಕರೆ ಕಾಯಿಲೆ, ಬಿ.ಪಿ.ಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದು 2021ರಲ್ಲಿ.

ವೈರಸ್ಸಿನ ಕಥೆ ಇನ್ನೊಂದು. ಹೆಪಟೈಟಿಸ್ ಬಿ ಮತ್ತು ಸಿ. ತಾಯಿಯಿಂದ ಹುಟ್ಟುವ ಮಗುವಿಗೆ, ಒಬ್ಬರ ಸೂಜಿ ಇನ್ನೊಬ್ಬರಿಗೆ ಚುಚ್ಚಿದಾಗ, ಒಬ್ಬರ ಬ್ಲೇಡು ಇನ್ನೊಬ್ಬರಿಗೆ ಬಳಸಿದಾಗ, ಲೈಂಗಿಕ ಸಂಪರ್ಕದಿಂದ ದಾಟುತ್ತವೆ. ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ ಬರುವುದಿಲ್ಲ. ಸುಳಿವೇ ಕೊಡದೆ ಇಪ್ಪತ್ತು ಮೂವತ್ತು ವರ್ಷ ಲಿವರಿನಲ್ಲಿ ಕೂತಿರಬಲ್ಲವು. ಬಿ ವೈರಸ್ಸಿಗೆ ಲಸಿಕೆ ಇದೆ, 2011ರ ಹೊತ್ತಿಗೆ ದೇಶದ ಎಲ್ಲ ಮಕ್ಕಳ ಲಸಿಕೆ ಪಟ್ಟಿಗೆ ಸೇರಿತು, ಮೊದಲ ಡೋಸು ಹುಟ್ಟಿದ 24 ಗಂಟೆಯೊಳಗೆ. ಸಿ ವೈರಸ್ಸಿಗೆ ಲಸಿಕೆ ಇಲ್ಲ, ಆದರೆ ಹೆಚ್ಚಿನವರಿಗೆ 12 ವಾರ ಮಾತ್ರೆ ನುಂಗಿದರೆ ವೈರಸ್ಸು ಸಂಪೂರ್ಣ ಹೋಗುತ್ತದೆ. ಅದನ್ನು ಪತ್ತೆ ಹಚ್ಚಿದ ಮೂವರಿಗೆ 2020ರಲ್ಲಿ ನೊಬೆಲ್ ಬಂತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಎರಡಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಪುಕ್ಕಟೆ. ಪುಕ್ಕಟೆ ಅಂತ ಎಷ್ಟು ಜನಕ್ಕೆ ಗೊತ್ತು? ನಾನು ಸಂತೆಯಲ್ಲಿ ಹತ್ತು ಜನರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ.

ಹಾಗಂತ ಕುಡಿತಕ್ಕೆ ಮಾಫಿ ಇಲ್ಲ. 2007ರ ಜುಲೈನಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಸಾರಾಯಿ ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿಯ 90 ಎಂ.ಎಲ್. ಟೆಟ್ರಾ ಪ್ಯಾಕ್ ಬಂತು. ಲೆಕ್ಕ ಹಾಕಿ: ನೂರಕ್ಕೆ 42.8 ಭಾಗ ಆಲ್ಕೊಹಾಲ್ ಇರುವ ವಿಸ್ಕಿ ಒಂದು ಕ್ವಾರ್ಟರ್, ಅಂದರೆ 180 ಎಂ.ಎಲ್. ಕುಡಿದರೆ ಒಳಗೆ ಹೋಗುವ ಅಸಲಿ ಆಲ್ಕೊಹಾಲ್ ಸುಮಾರು 60 ಗ್ರಾಂ. ದಿನಕ್ಕೆ 30 ಗ್ರಾಂ ದಾಟಿದರೇ ಲಿವರಿಗೆ ಅಪಾಯ ಏರುತ್ತೆ ಅನ್ನುತ್ತಾರೆ. ದಿನಾ ಒಂದೇ ಕ್ವಾರ್ಟರ್ ಅನ್ನುವ ಸಭ್ಯಸ್ಥರು ಆ ಗಡಿಯ ಎರಡರಷ್ಟು. "ನಾನು ಬಿಯರ್ ಮಾತ್ರ" ಅನ್ನುವವರೂ ಸುಮ್ಮನಿರಬೇಡಿ, 8 ಪರ್ಸೆಂಟಿನ 650 ಎಂ.ಎಲ್. ಬಾಟಲಿಯೊಂದರಲ್ಲೇ 40 ಗ್ರಾಂ ಇದೆ.

ಕೊನೆ ಹಂತದಲ್ಲಿ ಬಿಟ್ಟು ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ಪ್ರಯೋಜನ ಇದೆ. ಹೊಟ್ಟೆಯಲ್ಲಿ ನೀರು ಬಂದ ಮೇಲೆ ಬಿಟ್ಟವರಲ್ಲೂ ಕೆಲವರಿಗೆ ನೀರು ಇಳಿದು, ವರ್ಷಗಟ್ಟಲೆ ಬದುಕಿದ್ದುಂಟು. ಆದರೆ ದಿನಾ ಕುಡಿಯುವವನು ಏಕ್ದಂ ಬಿಟ್ಟರೆ ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಡಾಕ್ಟರಿಗೆ ಹೇಳಿಯೇ ಬಿಡಬೇಕು. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ "ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಅನ್ನುವ ಚೀಟಿ ನೋಡಿರುತ್ತೀರಿ. ಆ ಪುಡಿಯಲ್ಲಿ ಏನಿದೆಯೋ ದೇವರಿಗೇ ಗೊತ್ತು. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಮಾತ್ರೆಯೇ ಲಿವರಿಗೆ ಆಗದು. ಗೊತ್ತಿಲ್ಲದೆ ತಿಂದು ಮೇಲೆ ಕುಡಿದರೆ ಜೀವಕ್ಕೇ ಕುತ್ತು.

ಲ್ಯಾಬಿನ ಕಾಗದ, ಅಡುಗೆ ಮನೆ

ಎಸ್.ಜಿ.ಪಿ.ಟಿ. ನಾರ್ಮಲ್ ಅಂತ ಬಂದ ಲ್ಯಾಬ್ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಾರಿಗೆ ಹೋಗುವವರನ್ನು ಕಂಡಿದ್ದೇನೆ. ಅದು ಲಿವರಿನ ಕೋಶ ಈಗ ಎಷ್ಟು ಸಾಯುತ್ತಿದೆ ಅಂತ ಹೇಳುತ್ತೆ, ಲಿವರ್ ಎಷ್ಟು ಉಳಿದಿದೆ ಅಂತ ಅಲ್ಲ. ಸಿರೋಸಿಸ್ ಆದವರಿಗೂ ನಾರ್ಮಲ್ ಬರಬಹುದು. ಕೇಳಬೇಕಾದದ್ದು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಐ.ಎನ್.ಆರ್. ಹಾಗೂ ಪ್ಲೇಟ್‌ಲೆಟ್. ಆಲ್ಬುಮಿನ್ 3.5ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗೆ ಅಂತ ಸತತವಾಗಿ ಬರುತ್ತಿದ್ದರೆ ಲಿವರನ್ನೂ ಗುಮಾನಿಯಿಂದ ನೋಡಬೇಕು.

ಮೈಕೈ ನೋವಿನ ಮಾತ್ರೆ ಇನ್ನೊಂದು ಯಮ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಇಂಥವು ಸಿರೋಸಿಸ್ಸಿನವರ ಕಿಡ್ನಿ ಕೆಡಿಸುತ್ತವೆ, ರಕ್ತಸ್ರಾವ ಮಾಡಿಸುತ್ತವೆ. ಅಂಗಡಿಯವನು ಕೊಟ್ಟ ಅಂತ ನುಂಗಬಾರದು.

ಊಟದ ವಿಷಯದಲ್ಲಿ ನಮ್ಮವರ ಪಥ್ಯ ಪೂರ್ತಿ ಉಲ್ಟಾ. ಬೇಳೆ ಬಿಡಿಸುತ್ತಾರೆ, ಮೊಟ್ಟೆ ಬಿಡಿಸುತ್ತಾರೆ, ಗಂಜಿ ಮತ್ತು ಉಪ್ಪಿನಕಾಯಿ ಕೊಡುತ್ತಾರೆ! ಬಿಡಬೇಕಾದದ್ದು ಉಪ್ಪಿನಕಾಯಿ. ನೀರು ತುಂಬಿದವರಿಗೆ ಇಡೀ ದಿನಕ್ಕೆ ಒಂದು ಟೀ ಚಮಚ ಉಪ್ಪು, ಐದು ಗ್ರಾಂ, ಅಷ್ಟೇ. ಹಪ್ಪಳ, ಸಂಡಿಗೆ, ಬೇಕರಿ ಖಾರದಲ್ಲೇ ಅದು ಮುಗಿದುಹೋಗುತ್ತೆ. ಬೇಳೆ, ಕಾಳು, ಮೊಸರು, ಮೊಟ್ಟೆ ಬೇಕೇಬೇಕು, ಕರಗುತ್ತಿರುವ ಮಾಂಸ ಉಳಿಯುವುದು ಅದರಿಂದ. ಮುದ್ದೆ ಬಸ್ಸಾರು ತಿನ್ನಬಹುದು, ಸಾರಿಗೆ ಉಪ್ಪು ಹಿಡಿತದಲ್ಲಿರಲಿ. ರಾತ್ರಿ ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಬೇಕು. ಕೆಟ್ಟ ಲಿವರಿಗೆ ಶಕ್ತಿ ಕೂಡಿಡುವ ಉಗ್ರಾಣ ಇಲ್ಲ, ಒಂದು ರಾತ್ರಿಯ ಉಪವಾಸಕ್ಕೇ ಮೈ ತನ್ನ ಮಾಂಸವನ್ನು ತಾನೇ ತಿನ್ನಲು ಶುರುಮಾಡುತ್ತೆ.

ತೀರಾ ಕೆಟ್ಟ ಲಿವರಿಗೆ ಉಳಿಯುವ ದಾರಿ ಕಸಿ. ಮನೆಯವರೊಬ್ಬರು ತಮ್ಮ ಲಿವರಿನ ಭಾಗ ಕೊಡಬಹುದು, ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತೆ. ಇಲ್ಲವೇ ಮಿದುಳು ಸತ್ತವರ ಲಿವರಿಗೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು. ಖರ್ಚು ಹತ್ತಾರು ಲಕ್ಷದ ಮಾತು. ಬಡ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ನೆರವಿನ ಯೋಜನೆ ಇದೆ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಆದರೆ ಕಸಿಗೂ ಹೊತ್ತು ಗೊತ್ತು ಇದೆ. ಹಾಸಿಗೆ ಹಿಡಿದು, ಮೂಳೆ ಚಕ್ಕಳವಾಗಿ, ಸೋಂಕು ಏರಿದ ಮೇಲೆ ಹೋದರೆ ಮೇಜಿನ ಮೇಲೆ ಮಲಗಿಸಲೂ ಆಗುವುದಿಲ್ಲ. ಮೊದಲ ಸಲ ಹೊಟ್ಟೆಯಲ್ಲಿ ನೀರು ಕಂಡಾಗಲೇ, ಮೊದಲ ಸಲ ಮಂಕು ಕವಿದಾಗಲೇ ಆ ಮಾತು ಎತ್ತಬೇಕು.

ಹೋಗುವಾಗ ಹಳೇ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ, ನಾಟಿ ಔಷಧಿಯದ್ದೂ ಸೇರಿಸಿ. ಬೈಯುತ್ತಾರೆ ಅಂತ ಅದನ್ನು ಮುಚ್ಚಿಡಬೇಡಿ. ಬೆಳಿಗ್ಗೆ ಎದ್ದು ಬಹಿರ್ದೆಸೆಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ಮತ್ತು ಹೊಕ್ಕುಳಿನ ಮಟ್ಟದ ಸುತ್ತಳತೆಯನ್ನು ದಿನಾ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ಹಾಗೇ ನಿಮ್ಮ ಊರಿನಿಂದ ಹತ್ತಿರದಲ್ಲಿ ರಾತ್ರಿ ಹೊತ್ತು ಎಂಡೋಸ್ಕೋಪಿ ಮಾಡಿ ಬ್ಯಾಂಡ್ ಹಾಕುವವರು ಎಲ್ಲಿದ್ದಾರೆ, ಮಂಡ್ಯದಲ್ಲೋ ಮೈಸೂರಿನಲ್ಲೋ ಅಂತ ಡಾಕ್ಟರನ್ನು ಈಗಲೇ ಕೇಳಿ, ಅದೇ ನೋಟ್ ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.